ಮುಖವಾಡದ ಕೊಲೆಗಾರ ಎರಡನೇ ಸಲ ಬಂದಾಗ

ಸ್ಲ್ಯಾಶರ್ ಚಿತ್ರದ, ಅಂದರೆ ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಬೆನ್ನಟ್ಟಿ ಕೊಲ್ಲುವ ಭಯದ ಚಿತ್ರದ, ಮುಂದಿನ ಭಾಗ ತೆಗೆಯುವವರಿಗೆ ಮೊದಲ ಭಾಗದವರಿಗಿಲ್ಲದ ಒಂದು ಕಷ್ಟ ಇದೆ. ಟಿಕೆಟ್ ತಗೊಂಡು ಒಳಗೆ ಬಂದು ಕೂರುವವನಿಗೆ ಎಲ್ಲ ಗೊತ್ತು. ಮುಖವಾಡ ಹೇಗಿದೆ, ಚಾಕು ಎಷ್ಟುದ್ದ, ಗುಂಡು ಬಿದ್ದರೂ ಅವನು ಏಳುತ್ತಾನೆ, ಕೊನೆಗೆ ಒಬ್ಬ ಹುಡುಗಿ ಉಳಿಯುತ್ತಾಳೆ, ಎಲ್ಲವೂ. 'ಯಾರು' ಎಂಬ ಪ್ರಶ್ನೆ ಮುಗಿದುಹೋಗಿದೆ. ಕೈಯಲ್ಲಿರುವುದು 'ಎಲ್ಲಿದ್ದಾನೆ', 'ಯಾವಾಗ ಬರುತ್ತಾನೆ' ಎಂಬೆರಡೇ. ಇವೆರಡನ್ನು ದುಡಿಸಿಕೊಂಡ ಚಿತ್ರ ಹೆದರಿಸುತ್ತದೆ. ಇವನ್ನು ಬಿಟ್ಟು 'ಯಾಕೆ ಕೊಲ್ಲುತ್ತಾನೆ' ಎಂದು ವಿವರಿಸಲು ಕೂತ ಚಿತ್ರ ಅರ್ಧ ಗಂಟೆಯಲ್ಲೇ ಆಕಳಿಕೆ ತರಿಸುತ್ತದೆ.

ಕೆಳಗಿರುವುದು ಸಣ್ಣ ಬಜೆಟ್ಟಿನಲ್ಲಿ ಇಂಥದ್ದೊಂದನ್ನು ಮಾಡಹೊರಟವರಿಗೆ. ಉದಾಹರಣೆಗಳು ಹೆಚ್ಚಾಗಿ ಅಮೆರಿಕದವು, ಏಕೆಂದರೆ ಈ ಬಗೆಯ ಚಿತ್ರ ಬೆಳೆದದ್ದೂ ಕೆಟ್ಟದ್ದೂ ಅಲ್ಲೇ.

ಮೊದಲು ಮುಖವಾಡ

1978ರ 'ಹ್ಯಾಲೋವೀನ್' ಚಿತ್ರದ ಕೊಲೆಗಾರ ಮೈಕೆಲ್ ಮೈಯರ್ಸ್‌ನ ಮುಖವಾಡ ಅಂಗಡಿಯಿಂದ ತಂದದ್ದು, ಬೆಲೆ ಎರಡು ಡಾಲರಿಗೂ ಕಡಿಮೆ. 'ಸ್ಟಾರ್ ಟ್ರೆಕ್' ಸರಣಿಯ ಕ್ಯಾಪ್ಟನ್ ಕರ್ಕ್, ಅಂದರೆ ನಟ ವಿಲಿಯಂ ಶಾಟ್ನರ್‌ನ ಮುಖ. ಕಲಾವಿನ್ಯಾಸ ನೋಡಿಕೊಳ್ಳುತ್ತಿದ್ದ ಟಾಮಿ ಲೀ ವ್ಯಾಲೇಸ್ ಅದರ ಕೆನ್ನೆಗೂದಲು ಕಿತ್ತು, ಕಣ್ಣಿನ ತೂತು ಅಗಲ ಮಾಡಿ, ತಲೆಗೂದಲು ಕೆದರಿಸಿ, ಬಿಳಿ ಬಣ್ಣ ಹೊಡೆದರು. ಅವರ ಮುಂದೆ ಇನ್ನೊಂದು ಆಯ್ಕೆಯೂ ಇತ್ತು: ನಗುವ ಕೋಡಂಗಿಯ ಮುಖವಾಡ. ಅದನ್ನು ಬಿಟ್ಟದ್ದರಲ್ಲೇ ಪಾಠ ಇದೆ. ಕೋಡಂಗಿ ಮುಖ ಏನೋ ಒಂದನ್ನು ಹೇಳಿಬಿಡುತ್ತದೆ. ಬಿಳಿ ಬಳಿದ ಕರ್ಕ್ ಮುಖ ಏನನ್ನೂ ಹೇಳುವುದಿಲ್ಲ. ನೋಡುವವನೇ ಅದರ ಮೇಲೆ ಕೋಪವನ್ನೋ ಕುತೂಹಲವನ್ನೋ ಹಚ್ಚಿಕೊಳ್ಳುತ್ತಾನೆ.

ಕಟ್ಟುತ್ತಿರುವ ಮನೆಯ ಮುಂದೆ ತೂಗುಹಾಕುವ ದೃಷ್ಟಿಗೊಂಬೆಯನ್ನು ನೆನಪಿಸಿಕೊಳ್ಳಿ. ಉಬ್ಬಿದ ಕಣ್ಣು, ಇಳಿಬಿದ್ದ ನಾಲಿಗೆ, ಕೋರೆಹಲ್ಲು. ರಸ್ತೆಯಲ್ಲಿ ಹೋಗುವವನ ಕಣ್ಣನ್ನು ಅರೆಕ್ಷಣ ಸೆಳೆಯುವುದಷ್ಟೇ ಅದರ ಕೆಲಸ, ಅದಕ್ಕೆ ಅದು ಸರಿ. ತೊಂಬತ್ತು ನಿಮಿಷ ತೆರೆಯ ಮೇಲಿರಬೇಕಾದ ಮುಖಕ್ಕೆ ಆ ದಾರಿ ಬೇಡ. ಎರಡನೇ ಭಾಗದಲ್ಲಂತೂ ಕೋರೆಹಲ್ಲು ಸೇರಿಸುವ ಚಪಲ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ.

ಸ್ವಂತವಾಗಿ ಮಾಡುವುದಾದರೆ ದಾರಿ ಹೀಗೆ. ತಲೆಯ ಅಳತೆಯ ಮಾದರಿಯೊಂದರ ಮೇಲೆ ಜೇಡಿಮಣ್ಣಿನಲ್ಲಿ ಮುಖ ತಿದ್ದಿ. ಮುಖವಾಡಕ್ಕೆ ಬಳಸುವ ಲೇಟೆಕ್ಸ್ (ದ್ರವ ರಬ್ಬರ್) ಒಣಗುವಾಗ ಸ್ವಲ್ಪ ಕುಗ್ಗುವುದರಿಂದ ನಟನ ಮುಖಕ್ಕಿಂತ ಒಂದು ನೂಲು ದೊಡ್ಡದಾಗಿರಲಿ. ಅದರ ಮೇಲೆ ಪ್ಲಾಸ್ಟರ್ ಅಚ್ಚು ತೆಗೆದು, ಮಣ್ಣು ಬಿಡಿಸಿ, ಅಚ್ಚನ್ನು ಪೂರ್ತಿ ಒಣಗಿಸಿ. ಒಳಗೆ ದ್ರವ ಲೇಟೆಕ್ಸನ್ನು ಬ್ರಷ್ಷಿನಿಂದ ಆರರಿಂದ ಎಂಟು ಪದರ ಹಚ್ಚಿ. ಒಂದು ಪದರ ಒಣಗಿ ಬಿಳುಪು ಹೋದ ಮೇಲೆಯೇ ಇನ್ನೊಂದು. ಮುಖದ ಮುಂಭಾಗಕ್ಕಷ್ಟೇ ಆದರೆ ಸುಮಾರು ಅರ್ಧ ಲೀಟರ್ ಸಾಕು. ಅಂಟದಿರಲೆಂದು ಅಚ್ಚಿಗೆ ಎಣ್ಣೆ ಸವರುವವರಿದ್ದಾರೆ. ಎಣ್ಣೆ ಲೇಟೆಕ್ಸನ್ನೇ ತಿನ್ನುತ್ತದೆ. ಬಿಡಿಸುವಾಗ ಟಾಲ್ಕಂ ಪೌಡರ್ ಉದುರಿಸಿಕೊಂಡು ಅಂಚಿನಿಂದ ನಿಧಾನವಾಗಿ ಎಬ್ಬಿಸಿ. ಪೌಡರ್ ಇಲ್ಲದಿದ್ದರೆ ಒಳಮೈ ಒಂದಕ್ಕೊಂದು ಕಚ್ಚಿಕೊಂಡು ಮತ್ತೆ ಬಿಡುವುದಿಲ್ಲ. ಕೆಲಸ ನಡೆಯುವ ಕೋಣೆಯ ಕಿಟಕಿ ತೆಗೆದಿರಲಿ, ಅಮೋನಿಯಾ ವಾಸನೆ ಕಣ್ಣುರಿಸುತ್ತದೆ. ನಟನಿಗೆ ರಬ್ಬರಿನ ಅಲರ್ಜಿ ಇದೆಯೇ ಎಂದು ಮೊದಲ ದಿನವೇ ಕೇಳಿ.

ಬಣ್ಣದಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ಬರೀ ಅಕ್ರಿಲಿಕ್ ಬಣ್ಣ ಹಚ್ಚುವುದು. ಲೇಟೆಕ್ಸ್ ಬಾಗುತ್ತದೆ, ಅಕ್ರಿಲಿಕ್ ಅಷ್ಟು ಬಾಗುವುದಿಲ್ಲ. ಎರಡೇ ದಿನದಲ್ಲಿ ಬಾಯಿಯ ಸುತ್ತ ಬಿರುಕು ಬಿಡುತ್ತದೆ. ಎರಡು ಪಾಲು ಲೇಟೆಕ್ಸಿಗೆ ಒಂದು ಪಾಲು ಅಕ್ರಿಲಿಕ್ ಬೆರೆಸಿ ಹಚ್ಚಿ. ಹಸಿಯಿದ್ದಾಗ ಕಂಡದ್ದಕ್ಕಿಂತ ಒಣಗಿದ ಬಣ್ಣ ಗಾಢವಾಗುತ್ತದೆ, ಆದ್ದರಿಂದ ತುಂಡೊಂದರ ಮೇಲೆ ಮೊದಲು ನೋಡಿ. ಇನ್ನೊಂದು, ಸುಣ್ಣದ ಗೋಡೆಯಂಥ ಬಿಳುಪು. ಬೆಳಕು ಬಿದ್ದೊಡನೆ ಮೂಗು, ಕೆನ್ನೆ ಎಲ್ಲ ಅಳಿಸಿ ಮುಖ ಕಾಗದದ ತಟ್ಟೆಯಾಗುತ್ತದೆ. ಬೂದಿಯ ಛಾಯೆ ಬೆರೆತ, ಹಳೇ ಮೂಳೆಯ ಬಿಳುಪು ಬೇಕು. ಹೊಳಪು ಕೂಡದು, ಕೊನೆಗೊಮ್ಮೆ ಪೌಡರ್ ತಟ್ಟಿ ಒರೆಸಿದರೆ ಹೊಳಪು ಸಾಯುತ್ತದೆ.

ಮುಖ್ಯವಾದದ್ದು ಕಣ್ಣು. ತೂತಿನೊಳಗೆ ನಟನ ಚರ್ಮ ಕಂಡರೆ ಕೊಲೆಗಾರ ಹೋಗಿ ಮುಖವಾಡ ಹಾಕಿದ ನಟ ಉಳಿಯುತ್ತಾನೆ. ರೆಪ್ಪೆಯಿಂದ ಹುಬ್ಬಿನವರೆಗೆ ಕಪ್ಪು ಮೇಕಪ್ ಹಚ್ಚಿ, ಇಲ್ಲವೇ ಒಳಗಿನಿಂದ ತೆಳು ಕಪ್ಪು ಜಾಲರಿ ಬಟ್ಟೆ ಅಂಟಿಸಿ. ಜಾಲರಿ ಹಾಕಿದರೆ ನಟನಿಗೆ ಕಾಣುವುದು ಇನ್ನೂ ಕಡಿಮೆಯಾಗುತ್ತದೆ, ಮೆಟ್ಟಿಲಿರುವ ದೃಶ್ಯದಲ್ಲಿ ಅದನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಮುಗಿದ ಮುಖವಾಡವನ್ನು ಎರಡು, ಆರು, ಹದಿನೈದು ಮೀಟರ್ ದೂರದಿಂದ ಚಿತ್ರೀಕರಣದ ಬೆಳಕಿನಲ್ಲೇ ಕ್ಯಾಮೆರಾದಲ್ಲಿ ನೋಡಿ. ಹದಿನೈದು ಮೀಟರಿನಲ್ಲಿ ಎರಡು ಕಪ್ಪು ಗುಳಿ, ಒಂದು ಮಸುಕು ಬಿಳಿ ಕಂಡರೆ ಪಾಸು.

ಅದೇ ಮುಖ, ಬೇರೆ ತಲೆ

1981ರ 'ಹ್ಯಾಲೋವೀನ್ 2' ಮೊದಲ ಚಿತ್ರ ಮುಗಿದ ಅದೇ ರಾತ್ರಿಯಿಂದ ಶುರುವಾಗುತ್ತದೆ. ಮುಖವಾಡವೂ ಅದೇ, ಅಂಗಡಿಯಿಂದ ತಂದ ಮೂಲದ್ದೇ. ಆದರೆ ಎರಡು ಚಿತ್ರೀಕರಣಗಳ ನಡುವೆ ಸುಮಾರು ಮೂರು ವರ್ಷ ಕಳೆದಿತ್ತು. ಮಂಚದ ಕೆಳಗಿನ ಡಬ್ಬದಲ್ಲಿದ್ದು ಅದು ಹಳದಿಗಟ್ಟಿತ್ತು. ಮೊದಲು ಅದನ್ನು ಹಾಕಿದ್ದ ನಿಕ್ ಕ್ಯಾಸಲ್ ಜಾಗಕ್ಕೆ ಬಂದ ಡಿಕ್ ವಾರ್ಲಾಕ್ ಅವರದು ಬೇರೆ ಅಳತೆಯ ತಲೆ. ಹಾಗಾಗಿ ಕಥೆಯಲ್ಲಿ ಕೆಲವೇ ನಿಮಿಷ ಕಳೆದರೂ ಮುಖ ಅಗಲವಾಗಿ ಕಾಣುತ್ತದೆ. 1988ರ ನಾಲ್ಕನೇ ಭಾಗದ ಶಾಲೆಯ ದೃಶ್ಯದಲ್ಲಿ ಇನ್ನೂ ಕಣ್ಣಿಗೆ ಹೊಡೆಯುವ ತಪ್ಪು ಇದೆ: ಒಂದು ಶಾಟಿನಲ್ಲಿ ಮುಖವಾಡಕ್ಕೆ ಹೊಂಬಣ್ಣದ ಕೂದಲು. ಅದೇ ಸರಣಿಯ 1998ರ 'ಎಚ್20'ರಲ್ಲಿ ಒಂದೇ ಚಿತ್ರದೊಳಗೆ ಹಲವು ಮುಖವಾಡಗಳು ಬಂದುಹೋಗುತ್ತವೆ, ಒಂದು ಕಡೆಯಂತೂ ಕಂಪ್ಯೂಟರಿನಲ್ಲಿ ಬರೆದದ್ದು.

ಇವನ್ನು ಹುಡುಕಿ ನಗುವುದು ಅಭಿಮಾನಿಗಳಿಗೆ ಖುಷಿ. ಮಾಡುವವರಿಗೆ ಮಾತ್ರ ಇದು ನೇರ ನಷ್ಟ, ಏಕೆಂದರೆ ಮುಖವಾಡ ಬದಲಾದದ್ದು ಕಂಡ ಕ್ಷಣ ಪ್ರೇಕ್ಷಕ ಭಯ ಬಿಟ್ಟು ಲೆಕ್ಕ ಹಾಕಲು ಶುರುಮಾಡುತ್ತಾನೆ. ಒಂದೇ ಅಚ್ಚಿನಿಂದ ಕನಿಷ್ಠ ಮೂರು ಪ್ರತಿ ತೆಗೆಯಿರಿ: ಹತ್ತಿರದ ಶಾಟಿಗೆ ಒಂದು, ಬೀಳುವ ಏಳುವ ಕೆಲಸಕ್ಕೆ ಒಂದು, ಆಪತ್ತಿಗೆ ಒಂದು. ಒಳಗಡೆ ಮಾರ್ಕರಿನಿಂದ ನಂಬರ್ ಹಾಕಿ, ಪ್ರತಿದಿನದ ಕೊನೆಗೆ ಮುಂದಿನಿಂದ, ಎಡದಿಂದ, ಬಲದಿಂದ ಫೋಟೋ ತೆಗೆದಿಡಿ. ಹೊಸ ನಟ ಬಂದರೆ ಮುಖವಾಡವನ್ನು ಹಿಗ್ಗಿಸಬೇಡಿ. ಅವನ ತಲೆ ಸಣ್ಣದಿದ್ದರೆ ಒಳಗೆ ಸ್ಪಂಜು ಕೊಟ್ಟು ಮೂಲ ಆಕಾರ ನಿಲ್ಲಿಸಿ, ದೊಡ್ಡದಿದ್ದರೆ ಹಿಂಬದಿ ಸೀಳಿ ಕೂದಲಿನಡಿ ಮುಚ್ಚಿ.

ಮುಖವಾಡವನ್ನೇ ಬದಲಿಸಬಾರದು ಎಂದಲ್ಲ. 'ಫ್ರೈಡೇ ದ ಥರ್ಟೀನ್ತ್' ಸರಣಿಯಲ್ಲಿ ಮೊದಲ ಚಿತ್ರದ (1980) ಕೊಲೆಗಾರ್ತಿ ತಾಯಿ. ಎರಡನೆಯದರಲ್ಲಿ (1981) ಮಗ ಜೇಸನ್ ತಲೆಗೆ ಒಂದೇ ಕಣ್ಣಿನ ತೂತಿರುವ ಚೀಲ ಹಾಕಿಕೊಂಡು ಬರುತ್ತಾನೆ. ಇವತ್ತು ಜಗತ್ತೆಲ್ಲ ಗುರುತಿಸುವ ಹಾಕಿ ಮುಖವಾಡ ಬಂದದ್ದು ಮೂರನೆಯದರಲ್ಲಿ (1982), ಅದೂ ಕಥೆಯೊಳಗಿನ ಒಬ್ಬ ತಮಾಷೆಯ ಹುಡುಗನ ಸಾಮಾನಿನಿಂದ. ಬದಲಿಸುವುದಾದರೆ ಹೀಗೆ, ಎಲ್ಲಿಂದ ಬಂತೆಂದು ತೋರಿಸಿ ಬದಲಿಸಿ.

ನಡಿಗೆ

ಮೊದಲ 'ಹ್ಯಾಲೋವೀನ್'ನಲ್ಲಿ ಮುಖವಾಡ ಹಾಕಿದ್ದ ಕ್ಯಾಸಲ್‌ಗೆ ನಿರ್ದೇಶಕ ಜಾನ್ ಕಾರ್ಪೆಂಟರ್ ಕೊಟ್ಟ ಸೂಚನೆ ಹೆಚ್ಚೇನೂ ಇರಲಿಲ್ಲ. ಇಲ್ಲಿಂದ ಅಲ್ಲಿಗೆ ನಡೆ, ಅಷ್ಟೇ. ಒಬ್ಬನನ್ನು ಗೋಡೆಗೆ ಚುಚ್ಚಿ ನಿಲ್ಲಿಸಿದ ಮೇಲೆ ಅವನು ತಲೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿಸಿ ನೋಡುತ್ತಾನಲ್ಲ, ಸಂಗ್ರಹದಲ್ಲಿಟ್ಟ ಚಿಟ್ಟೆಯನ್ನು ನೋಡಿದಂತೆ ನೋಡು ಎಂದು ಹೇಳಿ ಮಾಡಿಸಿದ್ದು ಅದು. ಇಡೀ ಚಿತ್ರದಲ್ಲಿ ಕೊಲೆಗಾರನ ಒಳಗು ಎಂಬುದೇನಾದರೂ ಕಂಡರೆ ಆ ಕೆಲವು ಸೆಕೆಂಡುಗಳಲ್ಲಿ ಮಾತ್ರ. ಎರಡನೇ ಭಾಗದಲ್ಲಿ ಇಂಥದ್ದನ್ನು ಮೂರು ಸಲ ಮಾಡಿಸಿದರೆ ಚಟವಾಗುತ್ತದೆ. ಒಂದೇ ಸಲ, ಬೇರೆ ಜಾಗದಲ್ಲಿ.

ಸಾಮಾನ್ಯ ಮನುಷ್ಯ ನಿಮಿಷಕ್ಕೆ ನೂರಕ್ಕೂ ಹೆಚ್ಚು ಹೆಜ್ಜೆ ಹಾಕುತ್ತಾನೆ. ಕೊಲೆಗಾರನನ್ನು 75ರಿಂದ 80ಕ್ಕೆ ನಿಲ್ಲಿಸಿ. ಮೊಬೈಲಿನ ಮೆಟ್ರೊನೋಮ್ (ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ಆ್ಯಪ್) ಕಿವಿಗೆ ಹಾಕಿ ಮುಖವಾಡವಿಲ್ಲದೆ ಅರ್ಧ ದಿನ ಅಭ್ಯಾಸ ಮಾಡಿಸಿದರೆ ಮೈಗೆ ಹತ್ತುತ್ತದೆ. 60ಕ್ಕಿಂತ ಕೆಳಗಿಳಿದರೆ ಮದುಮಗಳನ್ನು ಮಂಟಪಕ್ಕೆ ಕರೆತಂದಂತಾಗುತ್ತದೆ. ತೋಳು ಕಡಿಮೆ ಬೀಸಲಿ, ತಿರುಗುವಾಗ ಮೊದಲು ತಲೆ, ಆಮೇಲೆ ಭುಜ.

ಇದಕ್ಕೆ ಪೂರ್ತಿ ವಿರುದ್ಧದ ದಾರಿಯೂ ಇದೆ. 'ಸ್ಕ್ರೀಮ್' (1996) ಮತ್ತು 'ಸ್ಕ್ರೀಮ್ 2' (1997) ಚಿತ್ರಗಳ ಕೊಲೆಗಾರ ಘೋಸ್ಟ್‌ಫೇಸ್ ಓಡುತ್ತಾನೆ, ಎಡವುತ್ತಾನೆ, ಬಾಗಿಲು ಮುಖಕ್ಕೆ ಬಡಿಸಿಕೊಳ್ಳುತ್ತಾನೆ. ಮುಖವಾಡದ ಹಿಂದೆ ಪರಿಚಯದವನೇ ಯಾರೋ ಇದ್ದಾನೆ ಎಂಬುದು ಅಲ್ಲಿನ ಭಯ, ಹಾಗಾಗಿ ಅವನು ಮನುಷ್ಯನಂತೆ ಬೀಳಲೇಬೇಕು. ಎರಡನ್ನೂ ಬೆರೆಸಿದರೆ ಕೆಡುತ್ತದೆ: ಒಂದು ದೃಶ್ಯದಲ್ಲಿ ಯಮನಂತೆ ನಡೆದವನು ಇನ್ನೊಂದರಲ್ಲಿ ಕುರ್ಚಿಗೆ ಎಡವಿದರೆ ಥಿಯೇಟರಿನಲ್ಲಿ ನಗು.

ಕತ್ತಲ ಬಾಗಿಲು

ಮೊದಲ 'ಹ್ಯಾಲೋವೀನ್'ನಲ್ಲಿ ಒಂದು ಶಾಟ್ ಇದೆ, ಬೇರೆಲ್ಲ ಮರೆತರೂ ಇದನ್ನು ಕಲಿಯಬೇಕು. ಗೆಳತಿಯರ ಹೆಣ ಕಂಡು ಕಂಗಾಲಾದ ನಾಯಕಿ ಲಾರಿ ಬಾಗಿಲ ಪಕ್ಕದ ಗೋಡೆಗೆ ಒರಗಿ ಅಳುತ್ತಿದ್ದಾಳೆ. ಅವಳ ಬದಿಗೇ ಬಾಗಿಲ ಕತ್ತಲೆ. ಆ ಕತ್ತಲೆಯಲ್ಲಿ ನಿಧಾನವಾಗಿ ಬಿಳಿ ಮುಖ ಮೂಡುತ್ತದೆ. ಅವನು ಒಳಗಿನಿಂದ ನಡೆದು ಬಂದದ್ದಲ್ಲ. ಮೊದಲಿನಿಂದಲೂ ಅಲ್ಲೇ ನಿಂತಿದ್ದ. ಛಾಯಾಗ್ರಾಹಕ ಡೀನ್ ಕಂಡಿ ಮುಖವಾಡದ ಮೇಲೆ ಬಿಟ್ಟ ಸಣ್ಣ ದೀಪವನ್ನು ಡಿಮ್ಮರಿನಿಂದ (ಬೆಳಕು ಏರಿಸಿ ಇಳಿಸುವ ಗುಂಡಿಯಿಂದ) ಮೆಲ್ಲಗೆ ಏರಿಸಿದರು, ಅಷ್ಟೇ.

ಇವತ್ತು ಇದು ಇನ್ನೂ ಸುಲಭ. ಡಿಮ್ಮರ್ ಇರುವ ಸಣ್ಣ ಎಲ್‌ಇಡಿ, ಅದರ ಸುತ್ತ ಕಪ್ಪು ಕಾಗದ ಸುತ್ತಿ ಬೆಳಕು ಮುಖಕ್ಕೆ ಮಾತ್ರ ಬೀಳುವಂತೆ ಮಾಡಿ. ಹಿಂದಿನ ಗೋಡೆಗೆ ಕಪ್ಪು ಬಟ್ಟೆ. ನಟ ಕದಲಬಾರದು. ಬೆಳಕು ಸೊನ್ನೆಯಿಂದ ಶುರುವಾಗಿ ಆರರಿಂದ ಎಂಟು ಸೆಕೆಂಡು ತಗೊಂಡು ಮುಖ 'ಇದೆಯೋ ಇಲ್ಲವೋ' ಎನ್ನುವಷ್ಟರಲ್ಲಿ ನಿಲ್ಲಲಿ. ಅಗ್ಗದ ಎಲ್‌ಇಡಿ ಕೆಳಮಟ್ಟದಲ್ಲಿ ಮಿಣುಕುತ್ತದೆ, ಕೆಲವು ಒಮ್ಮೆಲೇ ಸೊನ್ನೆಯಿಂದ ಹತ್ತಕ್ಕೆ ಜಿಗಿಯುತ್ತವೆ. ಹಾಗಾದರೆ ದೀಪವನ್ನು ಹೆಚ್ಚೇ ಇಟ್ಟು ಅದರ ಮುಂದಿನ ರಟ್ಟನ್ನು ಕೈಯಿಂದ ಸರಿಸಿ. ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ತನ್ನನ್ನು ಇಷ್ಟಿಷ್ಟೇ ತೋರಿಸಿಕೊಳ್ಳುವುದನ್ನು ನೋಡಿದವರಿಗೆ ಈ ಲೆಕ್ಕ ಹೊಸದಲ್ಲ. ಅಲ್ಲಿ ಅಬ್ಬರ ಜೊತೆಗಿರುತ್ತದೆ. ಇಲ್ಲಿ ಸದ್ದೇ ಇರಬಾರದು.

ಹಗಲನ್ನೂ ಬಿಡಬೇಡಿ. ಬೇಲಿಯ ಪಕ್ಕ, ಒಣಹಾಕಿದ ಬಟ್ಟೆಗಳ ನಡುವೆ ಹಾಡಹಗಲೇ ನಿಂತ ಮೈಯರ್ಸ್ ರಾತ್ರಿಯವನಿಗಿಂತ ಹೆಚ್ಚು ಕಾಡುತ್ತಾನೆ. ಅಗಲ ಚೌಕಟ್ಟಿಟ್ಟುಕೊಂಡು ಅವನನ್ನು ಅಂಚಿಗೆ, ಫೋಕಸ್ಸಿನಾಚೆ ನಿಲ್ಲಿಸಿ, ಸಂಗೀತ ಹಾಕದೆ ಬಿಡಿ. ಪಾತ್ರಗಳಿಗೆ ಕಾಣಬಾರದು, ಮೂರನೇ ಸಾಲಿನಲ್ಲಿ ಕೂತ ಯಾರೋ ಒಬ್ಬರಿಗೆ ಕಂಡು ಪಕ್ಕದವರ ಕೈ ಹಿಡಿದರೆ ಸಾಕು. ಹೀಗೆ ಎರಡು ಸಲ ತೋರಿಸಿದ ಮೇಲೆ ಮೂರನೇ ಸಲ ಅದೇ ಚೌಕಟ್ಟನ್ನು ಖಾಲಿ ಬಿಡಿ. ಜನ ಅವನನ್ನು ತಾವೇ ಹುಡುಕಿಕೊಳ್ಳುತ್ತಾರೆ. ಮುಂದಿನ ಭಾಗಕ್ಕೆ ಸಿಗುವ ದೊಡ್ಡ ಲಾಭ ಇದೇ, ಗೊತ್ತಿರುವುದರಿಂದಲೇ ಹುಡುಕುತ್ತಾರೆ.

ಸದ್ದು, ಮತ್ತು ಫೋನಿನ ದನಿ

ಸಂಗೀತ ಹಾಕುವ ಮುನ್ನ 'ಹ್ಯಾಲೋವೀನ್' ನೋಡಿದ ಸ್ಟುಡಿಯೋ ಅಧಿಕಾರಿಯೊಬ್ಬರಿಗೆ ಒಂಚೂರೂ ಹೆದರಿಕೆಯಾಗಲಿಲ್ಲ ಎಂದು ಕಾರ್ಪೆಂಟರ್ ಹೇಳಿದ್ದಾರೆ. ಆಮೇಲೆ ಅವರೇ ಕೂತು ಕೂಡಿಸಿದ ಆ ಪಿಯಾನೋ ಐದರ ಲೆಕ್ಕದ್ದು. ಬಿಡಿಸಿ ಹೇಳಿದರೆ ತಕಿಟ ತಕಿಟ ತಕ ತಕ, ಒಟ್ಟು ಹತ್ತು ಅಕ್ಷರ. ಬಾಯಲ್ಲಿ ಹೇಳಿಕೊಂಡು ನಡೆದು ನೋಡಿ: ಮೊದಲಿನ ಎರಡು 'ತಕಿಟ' ನೆಮ್ಮದಿಯಾಗಿ ಹೋಗಿ, ಆಮೇಲಿನ ಎರಡು 'ತಕ' ಕಾಲನ್ನು ತಳ್ಳಿದಂತಾಗುತ್ತದೆ. ನಾಲ್ಕರ ಲೆಕ್ಕಕ್ಕೆ ಒಗ್ಗಿದ ಕಿವಿಗೆ ಯಾರೋ ಬೆನ್ನಟ್ಟಿದ ಭಾವನೆ ಬರುವುದು ಅಲ್ಲಿಂದ.

'ಫ್ರೈಡೇ ದ ಥರ್ಟೀನ್ತ್'ನ ಸಂಗೀತಗಾರ ಹ್ಯಾರಿ ಮ್ಯಾನ್‌ಫ್ರೆಡಿನಿ ಇಟ್ಟುಕೊಂಡಿದ್ದ ನಿಯಮ ಇನ್ನೂ ಉಪಯುಕ್ತ: ಕೊಲೆಗಾರ ನಿಜಕ್ಕೂ ಇರುವಾಗ ಮಾತ್ರ ಅವನ ಸದ್ದು. ಬೆಕ್ಕು ಹಾರಿದ ಸುಳ್ಳು ಬೆಚ್ಚುವಿಕೆಗೆ ಅದನ್ನು ಹಾಕಿದರೆ ನಾಣ್ಯ ಸವೆಯುತ್ತದೆ. ನಿಯಮ ಕಲಿತ ಪ್ರೇಕ್ಷಕನಿಗೆ ಎರಡನೇ ಭಾಗದಲ್ಲಿ ಒಂದೇ ಒಂದು ಸಲ ಮೋಸ ಮಾಡಿ. ಸದ್ದಿಲ್ಲದೆ ಬರಲಿ.

ಬೆಚ್ಚಿಸುವ ಕ್ಷಣಕ್ಕೆ ಮುನ್ನ ಜೀರುಂಡೆ, ಫ್ಯಾನು, ರಸ್ತೆಯ ಸದ್ದನ್ನು ಎರಡು ಸೆಕೆಂಡಿನಲ್ಲಿ ಇಳಿಸಿ. ಪೂರ್ತಿ ಕತ್ತರಿಸಿದರೆ ಸ್ಪೀಕರ್ ಕೆಟ್ಟಂತೆ ಕೇಳುತ್ತದೆ, ಕೋಣೆಯ ತೆಳು ಗುಂಯ್ ಉಳಿಯಲಿ. ಪಾತ್ರಕ್ಕೆ ಎರಡು ಮೂರು ಸೆಕೆಂಡು ನಿರಾಳ ಕೊಡಿ. ಆಮೇಲೆ ಏಟು. ಸದ್ದೂ ಚಿತ್ರವೂ ಒಂದೇ ಫ್ರೇಮಿನಲ್ಲಿ ಬೀಳಬೇಕು; ಸದ್ದು ಮೂರು ಫ್ರೇಮ್ ತಡವಾದರೂ ಜನ ಮೈ ಸಡಿಲಿಸಿರುತ್ತಾರೆ. ಉಸಿರಾಟದ ಸದ್ದನ್ನು ಮುಖವಾಡದೊಳಗೆ ಕಾಲರ್ ಮೈಕ್ ಇಟ್ಟು ಬೇರೆಯಾಗಿ ರೆಕಾರ್ಡ್ ಮಾಡಿ. ರಬ್ಬರಿಗೆ ತಾಗಿ ಬರುವ ಆ ಮುಚ್ಚಿದ ದನಿ ಬಾಯಿಯಿಂದ ಬರುವುದಿಲ್ಲ.

'ಸ್ಕ್ರೀಮ್'ನಲ್ಲಿ ಕೊಲೆಗಾರ ಫೋನ್ ಮಾಡಿ ಮಾತಾಡುವ ದನಿ ರಾಜರ್ ಎಲ್. ಜಾಕ್ಸನ್ ಅವರದು. ಚಿತ್ರೀಕರಣದಲ್ಲಿ ಅವರನ್ನು ನಟರ ಕಣ್ಣಿಗೆ ಬೀಳದಂತೆ ಇಟ್ಟು ನಿಜವಾದ ಕರೆಯನ್ನೇ ಮಾಡಿಸಿದರು. ಇದಕ್ಕೆ ದುಡ್ಡು ಖರ್ಚಿಲ್ಲ, ಮಾಡಿ. ಕನ್ನಡದಲ್ಲಿ ಬರೆಯುವವರ ಕೈಯಲ್ಲಂತೂ ಇಂಗ್ಲಿಷಿನವರಿಗಿಲ್ಲದ ಒಂದು ಅಸ್ತ್ರ ಇದೆ:

"ಹಲೋ, ಊಟ ಆಯ್ತಾ?"
"ಯಾರು ಮಾತಾಡ್ತಿರೋದು?"
"ಇನ್ನೂ ಆಗಿಲ್ಲ ಅನ್ಸುತ್ತೆ. ಕುಕ್ಕರ್ ಮೂರು ವಿಷಲ್ ಆಯ್ತು. ಆರಿಸಲ್ವಾ ಮೇಡಂ?"
"..."
"ಹಿತ್ಲು ಬಾಗ್ಲು ಹಾಕ್ಕೊಂಡಿದೀಯಾ?"

'ನೀವು' ಹೋಗಿ 'ನೀನು' ಬಂದ ಆ ಕೊನೆಯ ಸಾಲಿನಲ್ಲಿ ದನಿ ಏರಿಸಬೇಕಾಗಿಲ್ಲ. ವಿಷಲ್ ಅವನಿಗೆ ಫೋನಿನಲ್ಲಿ ಕೇಳಿತೋ, ಕಿಟಕಿಯಾಚೆಯಿಂದ ಕೇಳಿತೋ ಎಂಬುದನ್ನೂ ಹೇಳಬೇಡಿ.

ವಿವರಿಸಬೇಡಿ, ಸಿಕ್ಕಿಸಿ

'ಹ್ಯಾಲೋವೀನ್ 2' ಬರೆಯುವಾಗ ಲಾರಿಯನ್ನು ಮೈಯರ್ಸ್‌ನ ತಂಗಿಯನ್ನಾಗಿ ಮಾಡಿದರು. ಅಲ್ಲಿಯವರೆಗೆ ಅವನು ಯಾರ ಮನೆಗಾದರೂ ಬರಬಹುದಿತ್ತು. ತಂಗಿ ಎಂದೊಡನೆ ಅದು ಅವರ ಮನೆಯ ಜಗಳ. ನಿಮ್ಮ ಬಾಗಿಲು ಚಿಲಕ ಹಾಕಿಲ್ಲದಿದ್ದರೂ ಚಿಂತೆಯಿಲ್ಲ. 2018ರಲ್ಲಿ ಡೇವಿಡ್ ಗಾರ್ಡನ್ ಗ್ರೀನ್ ಮತ್ತೆ ಚಿತ್ರ ಮಾಡಿದಾಗ ಮೊದಲು ಕಿತ್ತುಹಾಕಿದ್ದು ಈ ಸಂಬಂಧವನ್ನೇ. ಹೆಣಗಳ ಲೆಕ್ಕವೂ ಹೀಗೆಯೇ. ಮೊದಲ ಚಿತ್ರದಲ್ಲಿ ಐದು ಕೊಲೆ, ಅದರಲ್ಲೊಂದು ತೆರೆಯ ಮೇಲೆ ನಡೆಯುವುದೇ ಇಲ್ಲ. ಎರಡನೆಯದರಲ್ಲಿ ಸುಮಾರು ಇಮ್ಮಡಿ, ರಕ್ತವೂ ಹೆಚ್ಚು. ಭಯ ಇಮ್ಮಡಿಯಾಯಿತೇ ಎಂದರೆ, ಇಲ್ಲ.

ಹೆಚ್ಚಿಸಬೇಕಾದದ್ದು ಇಕ್ಕಟ್ಟನ್ನು. 'ಸ್ಕ್ರೀಮ್ 2'ರ ಕಾರಿನ ದೃಶ್ಯ ನೋಡಿ. ಪೊಲೀಸ್ ಕಾರು ಗುದ್ದಿ ನಿಂತಿದೆ, ಚಾಲಕನ ಸೀಟಿನಲ್ಲಿ ಕೊಲೆಗಾರ ಪ್ರಜ್ಞೆ ತಪ್ಪಿ ಒರಗಿದ್ದಾನೆ. ಹಿಂದೆ ಸಿಕ್ಕಿಬಿದ್ದ ಇಬ್ಬರು ಹುಡುಗಿಯರಿಗೆ ಹಿಂಬಾಗಿಲು ತೆರೆಯುವಂತಿಲ್ಲ. ಉಳಿದ ದಾರಿ ಒಂದೇ: ಅವನ ಮೈ ಮೇಲಿಂದಲೇ ತೆವಳಿ ಅವನ ಪಕ್ಕದ ಕಿಟಕಿಯಿಂದ ಹೊರಬೀಳುವುದು. ಒಬ್ಬಳು ದಾಟಿದಳು ಎಂದು ಉಸಿರು ಬಿಟ್ಟರೆ ಇನ್ನೊಬ್ಬಳ ಸರದಿ. ಅವರು ದಾಟುವಷ್ಟು ಹೊತ್ತೂ ಕೊಲೆಗಾರ ಏನೂ ಮಾಡುವುದಿಲ್ಲ. ಇಂಥದ್ದನ್ನು ಬರೆಯಲು ಮೂರೇ ಬೇಕು: ಹೊರಗೆ ಹೋಗಲು ಒಂದೇ ದಾರಿ, ಆ ದಾರಿಯಲ್ಲಿ ಅವನು, ಮತ್ತು ದಾಟಲು ಹಿಡಿಯುವ ಹೊತ್ತು ಪ್ರೇಕ್ಷಕನಿಗೆ ಮೊದಲೇ ಗೊತ್ತಿರುವುದು. ಶಾಟುಗಳನ್ನು ಕತ್ತರಿಸಿ ವೇಗ ಮಾಡಬೇಡಿ. ಮೊಣಕಾಲು ಅವನ ತೊಡೆಯ ಪಕ್ಕ ಊರುವುದನ್ನು ಪೂರ್ತಿ ತೋರಿಸಿ.

ಇನ್ನೊಂದು, ಮುಖವಾಡ ಈಗ ಕಥೆಯೊಳಗೂ ಪ್ರಸಿದ್ಧ. ಅದೇ ಚಿತ್ರದ ಆರಂಭದಲ್ಲಿ ಥಿಯೇಟರ್ ತುಂಬ ಜನ ಅದೇ ಮುಖವಾಡ ಹಾಕಿ ಕೂಗಾಡುವಾಗ ಅವರ ನಡುವೆಯೇ ಕೊಲೆ ನಡೆಯುತ್ತದೆ. ಕಾಗದದ ಹತ್ತು ಅಗ್ಗದ ಪ್ರತಿಗಳಿದ್ದರೆ ಕಾಲೇಜು ಸಮಾರಂಭದಲ್ಲೂ ಇದು ಸಾಧ್ಯ. ನಿಜವಾದವನ ಮುಖವಾಡದಲ್ಲಿ ಮಾತ್ರ ಎಡಗೆನ್ನೆಗೆ ಒಂದು ಗೀರು ಇರಲಿ, ಅದನ್ನು ಮೊದಲೇ ಒಮ್ಮೆ ತೋರಿಸಿರಿ.

ರಕ್ತ, ಚಾಕು, ಪಕ್ಕದ ಮನೆಯವರು

ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ 250 ಮಿಲಿಗೆ ನೀರು 60 ಮಿಲಿ, ತಿನ್ನುವ ಕೆಂಪು ಬಣ್ಣ ಎರಡು ಚಮಚ, ಕೋಕೋ ಪುಡಿ ಒಂದು ಚಮಚ. ಕೋಕೋ ಇಲ್ಲದಿದ್ದರೆ ಕ್ಯಾಮೆರಾದಲ್ಲಿ ಶರಬತ್ತಿನಂತೆ ಕಾಣುತ್ತದೆ. ಬಟ್ಟೆಯ ಕಲೆ ಹೋಗುವುದಿಲ್ಲ, ಆದ್ದರಿಂದ ಅಂಗಿ ಒಂದೇ ಥರದ್ದು ಮೂರು. ನೆಲವನ್ನು ಅಂದೇ ತೊಳೆಯಿರಿ, ಬೆಳಗಾದರೆ ಇರುವೆ.

ಓಡುವ, ಚುಚ್ಚುವ ಎಲ್ಲ ಶಾಟಿಗೂ ರಬ್ಬರ್ ಚಾಕು. ಹೊಳಪು ಬೇಕಾದ ಹತ್ತಿರದ ಶಾಟಿಗೆ ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿ ಅಂಚು, ಮೊನೆ ಎರಡನ್ನೂ ಅರದಿಂದ ಮೊಂಡು ಮಾಡಿ. ಅದು ಚೌಕಟ್ಟಿನಲ್ಲಿರುವಾಗ ಎದುರು ನಟರು ಕೈಗೆಟುಕುವ ದೂರದಲ್ಲಿರಬಾರದು. ಮುಖವಾಡದೊಳಗೆ ಹದಿನೈದು ನಿಮಿಷಕ್ಕೊಮ್ಮೆ ಬಿಡುವು, ಪಕ್ಕದಲ್ಲಿ ಯಾವಾಗಲೂ ಕೈ ಹಿಡಿಯುವವರೊಬ್ಬರು. ಮೆಟ್ಟಿಲನ್ನು ಬರಿಗಣ್ಣಿನಲ್ಲಿ ಎಣಿಸಿ ಇಳಿದು ಅಭ್ಯಾಸವಾದ ಮೇಲೆಯೇ ಮುಖವಾಡ. ರಸ್ತೆಯಲ್ಲಿ ತೆಗೆಯುವುದಾದರೆ ಠಾಣೆಗೆ ಬರೆದು ಕೊಟ್ಟು, ಅಕ್ಕಪಕ್ಕದ ಮನೆಗಳಿಗೆ ಸಂಜೆಯೇ ಹೇಳಿಬನ್ನಿ. ರಾತ್ರಿ ಹನ್ನೊಂದಕ್ಕೆ ಚಾಕು ಹಿಡಿದ ಬಿಳಿ ಮುಖ ಕಂಡವರು ಅದರ ಹಿಂದೆ ಕ್ಯಾಮೆರಾ ಇದೆಯೇ ಎಂದು ನೋಡುತ್ತ ನಿಲ್ಲುವುದಿಲ್ಲ.

ಚಿತ್ರೀಕರಣ ಮುಗಿದ ಮೇಲೆ ಮುಖವಾಡವನ್ನು ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಪೌಡರ್ ಹಾಕಿ, ತಲೆಯ ಮಾದರಿಯ ಮೇಲೆ ಕೂರಿಸಿ ಕತ್ತಲಲ್ಲಿಡಿ. ಮಡಚಿದರೆ ಗೆರೆ ಉಳಿಯುತ್ತದೆ, ಬಿಸಿಲು ಬಿದ್ದರೆ ಹಳದಿಗಟ್ಟುತ್ತದೆ, ತಾಮ್ರ ತಾಗಿದರೆ ರಬ್ಬರ್ ಹಾಳು. ಮೂರನೇ ಭಾಗದ ಯೋಚನೆ ಇದ್ದರೆ ಜೋಪಾನ ಮಾಡಬೇಕಾದದ್ದು ಅಚ್ಚನ್ನು. ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದರೂ ನಡೆಯುತ್ತದೆ. ಮುಖವಾಡವನ್ನು ಮಾತ್ರ ಅಲ್ಲಿಡಬೇಡಿ, ಹೆಂಚಿನ ಕೆಳಗಿನ ಬಿಸಿಗೆ ಒಂದೇ ಬೇಸಿಗೆಯಲ್ಲಿ ಅಂಟಂಟಾಗಿ ಕೂತುಬಿಡುತ್ತದೆ.